ವಿಶ್ವವಿದ್ಯಾಲಯದ ಆವರಣಕ್ಕೊಂದು ವರ್ಷದ ವಿಷಯ: ಆರಿಸುವ ಕ್ರಮ

ಹಲವು ವರ್ಷಗಳ ಹಿಂದೆ ನಾನು ಸದಸ್ಯನಾಗಿದ್ದ ಸಮಿತಿಯೊಂದು ಒಂದು ವಿಶ್ವವಿದ್ಯಾಲಯಕ್ಕೆ ‘ಸುಸ್ಥಿರ ಭವಿಷ್ಯ’ ಎಂಬುದನ್ನು ಆ ವರ್ಷದ ವಿಷಯವಾಗಿ ಆರಿಸಿತು. ಸಭೆಯಲ್ಲಿ ಯಾರೂ ವಿರೋಧಿಸಲಿಲ್ಲ. ವಿರೋಧಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮುಖ್ಯದ್ವಾರಕ್ಕೆ ಫ್ಲೆಕ್ಸ್ ಕಟ್ಟಿದ್ದಾಯಿತು, ದೀಪ ಬೆಳಗಿಸಿದ್ದಾಯಿತು, ಎರಡು ಉಪನ್ಯಾಸಗಳೂ ಒಂದು ಪ್ರಬಂಧ ಸ್ಪರ್ಧೆಯೂ ನಡೆದವು. ದಸರೆಯ ರಜೆ ಮುಗಿಸಿಕೊಂಡು ಬಂದವರಲ್ಲಿ ಬಹುಪಾಲು ಜನರಿಗೆ ಅದರ ನೆನಪೇ ಇರಲಿಲ್ಲ. ಆ ಸಮಿತಿಯ ತಪ್ಪು ಆಯ್ಕೆಯಲ್ಲಿತ್ತೇ ಹೊರತು ಆಚರಣೆಯಲ್ಲಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಈ ಮಾರ್ಗದರ್ಶಿ ಮುಖ್ಯವಾಗಿ ಆಯ್ಕೆಯ ಬಗ್ಗೆಯೇ ಮಾತನಾಡುವುದಕ್ಕೆ ಅದೇ ಕಾರಣ. ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದ ಆವರಣವನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಖಾಸಗಿ ಅಥವಾ ಸ್ವಾಯತ್ತ ಸಂಸ್ಥೆಗಳವರು ಅಧಿಕಾರಿಗಳ ಹೆಸರುಗಳನ್ನು ಬದಲಿಸಿಕೊಂಡು ಓದಿಕೊಳ್ಳಬಹುದು.

ಮೊದಲಿಗೆ ಹೆಸರಿನ ಮಾತು. ‘ಥೀಮ್’ ಎಂಬುದಕ್ಕೆ ನಮ್ಮ ಸುತ್ತೋಲೆಗಳಲ್ಲಿ ‘ಆಶಯ’, ‘ಧ್ಯೇಯ’, ‘ಘೋಷವಾಕ್ಯ’ ಎಂದೆಲ್ಲ ಬರೆಯುವುದುಂಟು. ‘ಆಶಯ’ ಎಂದ ಕೂಡಲೇ ಮನಸ್ಸು ಹಾರೈಕೆಯ ಕಡೆಗೆ ಹೊರಳುತ್ತದೆ: ಹೀಗಾಗಲಿ, ಹಾಗಾಗಲಿ ಎಂದು. ‘ಧ್ಯೇಯ’ ಎಂದರೆ ಉಪದೇಶ ಆರಂಭವಾಗುತ್ತದೆ. ‘ವಿಷಯ’ ಎಂಬ ಸಾದಾ ಪದವಾದರೆ, ಅದನ್ನು ಕುರಿತು ತಿಳಿದುಕೊಳ್ಳುವುದು ಇನ್ನೂ ಬಾಕಿ ಇದೆ ಎಂಬ ಅರ್ಥ ಕೊಡುತ್ತದೆ. ಆದ್ದರಿಂದ ಇಲ್ಲಿ ಉದ್ದಕ್ಕೂ ‘ವರ್ಷದ ವಿಷಯ’ ಎಂದೇ ಬಳಸಿದ್ದೇನೆ, ನೀವೂ ಹಾಗೆಯೇ ಬಳಸುವುದು ಒಳ್ಳೆಯದೆಂದು ನನ್ನ ಅನಿಸಿಕೆ.

ಹಿಂದೆ ನಡೆದಿರುವುದು

ಇಡೀ ವಿಶ್ವವಿದ್ಯಾಲಯ ಒಂದು ವರ್ಷವಿಡೀ ಒಂದೇ ವಿಷಯದ ಸುತ್ತ ಸೇರುವ ಪದ್ಧತಿ ಅಮೆರಿಕದ ಕ್ಯಾಂಪಸ್‌ಗಳಲ್ಲಿ ಚೆನ್ನಾಗಿ ಬೇರೂರಿದೆ. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2010–11ನ್ನು ‘ನೀರಿನ ವರ್ಷ’ ಎಂದು ಕರೆಯಿತು. ಅದರ ಬೆನ್ನಿಗೇ ಆಟಗಳ ವರ್ಷ, ಪುರಾವೆಯ ವರ್ಷ, ನಾದದ ವರ್ಷ ಬಂದವು. ಹೊಸದಾಗಿ ಸೇರುವ ವಿದ್ಯಾರ್ಥಿಗಳೆಲ್ಲರೂ ಒಂದೇ ಕೃತಿಯನ್ನು ಓದಿ ಬಂದು ಅಧ್ಯಾಪಕರೊಡನೆ ಚರ್ಚಿಸುವ ಕಾರ್ಯಕ್ರಮವೊಂದು ಅಲ್ಲಿ 1991ರಿಂದಲೇ ನಡೆದುಕೊಂಡು ಬಂದಿತ್ತು. ಆಯ್ಕೆಯಾದ ಹೆಸರುಗಳನ್ನು ಗಮನಿಸಿ: ನೀರು, ಆಟ, ಪುರಾವೆ, ನಾದ. ಇವುಗಳಲ್ಲಿ ಒಂದೂ ಸದ್ಗುಣದ ಹೆಸರಲ್ಲ. ನೀರಿನ ವಿಷಯಕ್ಕೆ ಆ ಊರಿನಲ್ಲೇ ಆಧಾರವೂ ಇತ್ತು. ಸ್ಕೂಲ್‌ಕಿಲ್ ನದಿಯ ದಂಡೆಯಲ್ಲಿ 1815ರಲ್ಲಿ ಕೆಲಸ ಆರಂಭಿಸಿದ ಫೇರ್‌ಮೌಂಟ್ ನೀರು ಸರಬರಾಜು ಕೇಂದ್ರ ಇಂದಿಗೂ ಅಲ್ಲಿ ನೋಡಸಿಗುತ್ತದೆ.

ನಮ್ಮಲ್ಲಿಯೂ ಇದು ತೀರಾ ಹೊಸದಲ್ಲ. ಗಾಂಧಿ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ, 1973ರಲ್ಲಿ ತನ್ನ ವಿಶೇಷ ಶಿಬಿರಗಳನ್ನು ‘ಕ್ಷಾಮದ ವಿರುದ್ಧ ಯುವಜನ’ ಎಂಬ ಒಂದೇ ವಿಷಯದ ಮೇಲೆ ನಡೆಸಿತು. ಆಗ ಬರ ಎಲ್ಲರ ಕಣ್ಣೆದುರಿಗಿತ್ತು, ಶಿಬಿರಾರ್ಥಿಯ ಕೈಗೆ ಸಲಿಕೆ ಬಂದಿತ್ತು. ನಂತರದ ದಶಕಗಳಲ್ಲಿ ಶಿಬಿರದ ವಿಷಯಗಳು ಹೆಚ್ಚು ಹೆಚ್ಚು ಸಾಮಾನ್ಯವೂ ಅಮೂರ್ತವೂ ಆಗುತ್ತ ಹೋದವೆಂದು ಹೇಳಿದರೆ ಹಳೆಯ ಯೋಜನಾಧಿಕಾರಿಗಳು ಒಪ್ಪುತ್ತಾರೆಂದು ಕಾಣುತ್ತದೆ.

ಮೊದಲ ಹೆಜ್ಜೆ: ಆವರಣದಲ್ಲಿ ಯಾರ್‍ಯಾರಿದ್ದಾರೆಂದು ಬರೆದುಕೊಳ್ಳುವುದು

‘ಕ್ಯಾಂಪಸ್ ಸಮುದಾಯ’ ಎಂದಾಗ ನಮ್ಮ ಸಮಿತಿಗಳ ಮನಸ್ಸಿಗೆ ಬರುವುದು ವಿದ್ಯಾರ್ಥಿಗಳು ಮತ್ತು ಬೋಧಕರು ಮಾತ್ರ. ಆದರೆ ಬೆಳಗಿನ ಐದೂವರೆಯಿಂದ ರಾತ್ರಿ ಹನ್ನೊಂದರವರೆಗೆ ಒಂದು ದಿನ ಆವರಣದಲ್ಲಿ ಸುತ್ತಾಡಿ ಪಟ್ಟಿ ಮಾಡಿ ನೋಡಿ. ವಾಯುವಿಹಾರಕ್ಕೆ ಬರುವ ಊರಿನವರು, ಗುಡಿಸುವವರು, ಹಾಸ್ಟೆಲ್ ಮೆಸ್ಸಿನ ಅಡುಗೆಯವರು, ಮಾಲಿಗಳು, ಭದ್ರತಾ ಸಿಬ್ಬಂದಿ, ಬೋಧಕೇತರ ನೌಕರರು, ಹೊರಗುತ್ತಿಗೆಯ ಕಂಪ್ಯೂಟರ್ ನಿರ್ವಾಹಕರು, ಅತಿಥಿ ಉಪನ್ಯಾಸಕರು, ಸಂಶೋಧನಾರ್ಥಿಗಳು, ವಸತಿಗೃಹಗಳ ಕುಟುಂಬಗಳು, ಕ್ಯಾಂಟೀನಿನವರು, ಜೆರಾಕ್ಸ್ ಅಂಗಡಿಯವರು, ಬೇಲಿಯಾಚೆಯ ಹಳ್ಳಿಯಿಂದ ದನ ಹೊಡೆದುಕೊಂಡು ಬರುವವರು. ಈ ಪಟ್ಟಿ ಸಮಿತಿ ರಚನೆಯಾಗುವ ಮೊದಲೇ ಸಿದ್ಧವಾಗಿರಬೇಕು. ಮುಂದೆ ಬರುವ ಪ್ರತಿಯೊಂದು ಸಲಹೆಯನ್ನೂ ಇದರ ಮುಂದೆ ಹಿಡಿದು, ಈ ವಿಷಯದಲ್ಲಿ ಇವರಿಗೆ ನಮಗಿಂತ ಹೆಚ್ಚು ಗೊತ್ತಿರುವುದೇನಾದರೂ ಇದೆಯೇ ಎಂದು ಕೇಳಬೇಕಾಗುತ್ತದೆ. ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಜನರ ಮಟ್ಟಿಗೆ ಉತ್ತರ ‘ಇಲ್ಲ’ ಎಂದಾದರೆ ಅದು ಬೋಧಕರ ವಿಷಯವಾದೀತೇ ಹೊರತು ಆವರಣದ ವಿಷಯವಾಗಲಾರದು.

ಎರಡನೆಯ ಹೆಜ್ಜೆ: ದಿನಗಳ ಲೆಕ್ಕ

ಪ್ರವೇಶಾತಿ ತಡವಾಗಿ ಶೈಕ್ಷಣಿಕ ವೇಳಾಪಟ್ಟಿ ಜಾರುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ, ತಿಂಗಳುಗಳನ್ನು ಕ್ಯಾಲೆಂಡರಿನಿಂದ ಎಣಿಸದೆ ಹೊಸ ವರ್ಷದ ಮೊದಲ ತರಗತಿಯ ದಿನದಿಂದ ಹಿಂದಕ್ಕೆ ಎಣಿಸುವುದು ಲೇಸು. ಆ ದಿನಕ್ಕೆ ಹತ್ತು ತಿಂಗಳ ಮೊದಲು ಸಮಿತಿಯ ಆದೇಶ ಹೊರಡಬೇಕು. ಒಂಬತ್ತನೆಯ ಮತ್ತು ಎಂಟನೆಯ ತಿಂಗಳುಗಳು ಸಲಹೆ ಕೇಳುವುದಕ್ಕೆ, ಏಳನೆಯದು ಜರಡಿ ಹಿಡಿಯುವುದಕ್ಕೆ. ಆರು ತಿಂಗಳು ಉಳಿದಿರುವಾಗ ವಿಷಯ ನಿರ್ಧಾರವಾಗಿರಬೇಕು, ಏಕೆಂದರೆ ಸ್ನಾತಕೋತ್ತರ ವಿಭಾಗಗಳು ಪ್ರಬಂಧ ಮತ್ತು ಪ್ರಾಜೆಕ್ಟ್‌ಗಳ ಶೀರ್ಷಿಕೆಗಳನ್ನು ಅದಕ್ಕೆ ಹೊಂದಿಸಿಕೊಳ್ಳಲು ಅಷ್ಟು ಅವಧಿ ಬೇಕೇಬೇಕು. ಪರೀಕ್ಷೆ ಮತ್ತು ಮೌಲ್ಯಮಾಪನದ ವಾರಗಳಲ್ಲಿ ಯಾವ ಸಭೆಯನ್ನೂ ಕರೆಯಬೇಡಿ. ಆ ವಾರಗಳಲ್ಲಿ ಬಂದವರು ಸಹಿ ಹಾಕಿ ಹೋಗುತ್ತಾರೆ, ಅಷ್ಟೇ.

ಮೂರನೆಯ ಹೆಜ್ಜೆ: ಸಮಿತಿ

ಒಂಬತ್ತರಿಂದ ಹನ್ನೊಂದು ಜನ ಸಾಕು. ವಿಭಾಗಾಧ್ಯಕ್ಷರನ್ನೆಲ್ಲ ಪದನಿಮಿತ್ತ ಸದಸ್ಯರನ್ನಾಗಿ ಮಾಡಿದರೆ ಅದು ಸಮಿತಿಯಾಗಿ ಉಳಿಯುವುದಿಲ್ಲ, ಸಂತೆಯಾಗುತ್ತದೆ. ಪ್ರತಿಯೊಬ್ಬರೂ ತಮ್ಮ ವಿಭಾಗದ ಹೆಸರಿಗೆ ಹತ್ತಿರವಾದ ಪದವನ್ನೇ ಮುಂದಿಡುತ್ತಾರೆ. ಮಾನವಿಕ, ವಿಜ್ಞಾನ, ಸಮಾಜವಿಜ್ಞಾನ ಮತ್ತು ವಾಣಿಜ್ಯ ನಿಕಾಯಗಳಿಂದ ಒಬ್ಬೊಬ್ಬರು, ಗ್ರಂಥಾಲಯದಿಂದ ಒಬ್ಬರು, ಪ್ರಸಾರಾಂಗದಿಂದ (ವಿಶ್ವವಿದ್ಯಾಲಯದ ಪುಸ್ತಕ ಪ್ರಕಟಣೆ, ಉಪನ್ಯಾಸಗಳ ವಿಭಾಗ) ಒಬ್ಬರು, ರಾಷ್ಟ್ರೀಯ ಸೇವಾ ಯೋಜನೆಯ ಸಂಯೋಜಕರು, ಒಬ್ಬ ಸಂಶೋಧನಾರ್ಥಿ, ಹಾಸ್ಟೆಲ್‌ಗಳಿಂದ ಇಬ್ಬರು ವಿದ್ಯಾರ್ಥಿಗಳು ಮತ್ತು ತೋಟಗಾರಿಕೆ ಅಥವಾ ಎಂಜಿನಿಯರಿಂಗ್ ಶಾಖೆಯಿಂದ ಒಬ್ಬ ಹಿರಿಯ ನೌಕರರು ಇದ್ದರೆ ಹನ್ನೊಂದು ತುಂಬುತ್ತದೆ. ಆವರಣದ ನೆಲದಡಿಯಲ್ಲಿ ಎಲ್ಲೆಲ್ಲಿ ಪೈಪು ಹಾದುಹೋಗಿದೆ, ಯಾವ ಮರವನ್ನು ಯಾವ ವರ್ಷ ನೆಟ್ಟದ್ದು ಎಂಬುದು ಗೊತ್ತಿರುವುದು ಆ ಕೊನೆಯ ಸದಸ್ಯರಿಗೇ. ಅವರ ಉಪಯೋಗ ಎಷ್ಟೆಂಬುದು ಎರಡನೆಯ ಸಭೆಯಲ್ಲೇ ತಿಳಿಯುತ್ತದೆ. ನೇರ ಚುನಾವಣೆಯಿಂದ ಬಂದ ವಿದ್ಯಾರ್ಥಿ ಸಂಘ ನಮ್ಮಲ್ಲಿ ಬಹುತೇಕ ಕಡೆ ಇಲ್ಲದಿರುವುದರಿಂದ ವಿದ್ಯಾರ್ಥಿ ಸದಸ್ಯರನ್ನು ವಿಭಾಗಾಧ್ಯಕ್ಷರು ಹೆಸರಿಸುವ ಬದಲು ಹಾಸ್ಟೆಲ್‌ನ ವಿದ್ಯಾರ್ಥಿಗಳೇ ಸೂಚಿಸುವಂತೆ ಮಾಡಬೇಕು.

ಸಮಿತಿಯ ಆದೇಶ ಕುಲಸಚಿವರ ಸಹಿಯಲ್ಲಿ ಹೊರಡಲಿ. ಅದರಲ್ಲಿ ಸಮಿತಿಯ ಅವಧಿ, ಸಭೆಗಳ ಸಂಖ್ಯೆ ಮತ್ತು ಸಮಿತಿ ಮಾಡಬಾರದ ಕೆಲಸ ಯಾವುದೆಂಬುದು ಸ್ಪಷ್ಟವಾಗಿರಲಿ. ಮಾಡಬಾರದ ಕೆಲಸವೆಂದರೆ ಕಾರ್ಯಕ್ರಮ ನಡೆಸುವುದು. ಆರಿಸುವವರೇ ನಡೆಸುವವರೂ ಆದರೆ ಶಾಮಿಯಾನ, ಅತಿಥಿಗಳು, ಹಾರ ತುರಾಯಿಗಳ ಲೆಕ್ಕದಲ್ಲಿ ವಿಷಯದ ಮೇಲಿನ ಚರ್ಚೆ ಮುಗಿದುಹೋಗುತ್ತದೆ.

ನಾಲ್ಕನೆಯ ಹೆಜ್ಜೆ: ಕೇಳುವ ಬಗೆ

‘ಈ ವರ್ಷದ ವಿಷಯಕ್ಕೆ ಸಲಹೆ ನೀಡಿ’ ಎಂದು ಗೂಗಲ್ ಫಾರ್ಮ್ ಕಳುಹಿಸಿದರೆ ಬರುವ ಉತ್ತರಗಳು ಈಗಾಗಲೇ ಪತ್ರಿಕೆಗಳಲ್ಲಿ, ಜಾಹೀರಾತುಗಳಲ್ಲಿ ಇರುವಂಥವೇ: ಪರಿಸರ, ಮಹಿಳಾ ಸಬಲೀಕರಣ, ಡಿಜಿಟಲ್ ಯುಗ, ಯುವಶಕ್ತಿ. ಜನರಿಗೆ ಕಲ್ಪನೆ ಇಲ್ಲದ್ದರಿಂದ ಹೀಗಾಗುವುದಿಲ್ಲ. ಪ್ರಶ್ನೆಯೇ ಸುತ್ತೋಲೆಯ ಭಾಷೆಯಲ್ಲಿರುವಾಗ ಉತ್ತರವೂ ಅದೇ ಭಾಷೆಯಲ್ಲಿ ಬರುತ್ತದೆ. ಬದಲಿಗೆ ಮೂರು ಸರಳ ಪ್ರಶ್ನೆಗಳನ್ನು ಕೇಳಿ. ಈ ಆವರಣದಲ್ಲಿ ನೀವು ದಿನವೂ ನೋಡುವ, ಆದರೆ ಅದರ ಬಗ್ಗೆ ಏನೂ ಗೊತ್ತಿಲ್ಲದ ಒಂದು ಸಂಗತಿ ಯಾವುದು? ಇಲ್ಲಿ ಯಾವುದು ಮೊದಲಿದ್ದು ಈಗ ಇಲ್ಲ? ಯಾವುದರ ಬಗ್ಗೆ ನಿಮ್ಮ ಗೆಳೆಯರ ನಡುವೆ ವಾದವಾಗುತ್ತದೆ?

ಈ ಪ್ರಶ್ನೆಗಳ ಚೀಟಿ ಮತ್ತು ಒಂದು ಡಬ್ಬ ಮೆಸ್ಸಿನಲ್ಲಿ, ಬಸ್ ನಿಲ್ದಾಣದಲ್ಲಿ, ಗ್ರಂಥಾಲಯದ ಬಾಗಿಲಲ್ಲಿ, ವೇತನ ಶಾಖೆಯ ಬಳಿ ಇರಲಿ. ಬರೆಯಲು ಬಾರದವರ, ಬರೆಯಲು ಹಿಂಜರಿಯುವವರ ಬಳಿಗೆ ವಿದ್ಯಾರ್ಥಿ ಸದಸ್ಯರು ಹೋಗಿ ಕೇಳಿ, ಅವರು ಆಡಿದ ಮಾತಿನಲ್ಲೇ ಬರೆದುಕೊಂಡು ಬರಲಿ. ಆಡಿದ ಮಾತು ಮುಖ್ಯವೆಂದು ಒತ್ತಿ ಹೇಳುತ್ತಿದ್ದೇನೆ. ‘ಹಿಂದೆ ಈ ಹಳ್ಳದಾಗ ಏಡಿ ಹಿಡೀತಿದ್ವಿ’ ಎಂದು ಒಬ್ಬರು ಹೇಳಿದ್ದನ್ನು ‘ಜೀವವೈವಿಧ್ಯದ ನಾಶ’ ಎಂದು ಬರೆದುಕೊಂಡು ಬಂದರೆ ಆ ಮಾತಿನಲ್ಲಿದ್ದ ಏಡಿ, ಹಳ್ಳ, ಹಿಂದಿನ ಕಾಲ ಮೂರೂ ಕಳೆದುಹೋಗುತ್ತವೆ, ನಮ್ಮ ಕೈಯಲ್ಲಿ ಉಳಿಯುವುದು ಒಂದು ಶೀರ್ಷಿಕೆ ಮಾತ್ರ.

ಐದನೆಯ ಹೆಜ್ಜೆ: ಜರಡಿ

ಇಲ್ಲಿ ಸಮಯ ಕೊಡಿ. ಬಂದ ಚೀಟಿಗಳನ್ನು ಗುಂಪು ಮಾಡಿದಾಗ ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ಪದಗಳು ಉಳಿಯುತ್ತವೆ. ಅವುಗಳನ್ನು ಮೊದಲು ಎರಡು ರಾಶಿ ಮಾಡಿ: ಕೈಯಿಂದ ಮುಟ್ಟಬಹುದಾದ, ಕಣ್ಣಿಂದ ನೋಡಬಹುದಾದ, ಕಿವಿಯಿಂದ ಕೇಳಬಹುದಾದ ವಸ್ತುಗಳ ಹೆಸರುಗಳು ಒಂದು ಕಡೆ, ಗುಣಗಳ ಮತ್ತು ಗುರಿಗಳ ಹೆಸರುಗಳು ಇನ್ನೊಂದು ಕಡೆ. ನನ್ನ ತೀರ್ಮಾನ ಖಚಿತವಾಗಿದೆ: ಎರಡನೆಯ ರಾಶಿಯನ್ನು ಬದಿಗಿಡಿ. ಏಕತೆ, ಸುಸ್ಥಿರತೆ, ನಾವೀನ್ಯ, ಸಮಾನತೆ ಇವು ದೊಡ್ಡ ಮಾತುಗಳೇ, ಸಂದೇಹವಿಲ್ಲ. ಆದರೆ ಅವುಗಳನ್ನು ವರ್ಷದ ವಿಷಯವನ್ನಾಗಿ ಮಾಡಿದರೆ ಮೊದಲ ದಿನವೇ ಎಲ್ಲರೂ ಒಪ್ಪಿಬಿಡುತ್ತಾರೆ, ಒಪ್ಪಿದ ಮೇಲೆ ಮುನ್ನೂರು ದಿನ ಮಾಡಲು ಏನೂ ಉಳಿಯುವುದಿಲ್ಲ. ಅದೇ ಸಮಾನತೆಯನ್ನು ‘ಬಾವಿ’ ಎಂಬ ವಿಷಯದ ಒಳಗಿನಿಂದ ತಲುಪಲು ಹೊರಟರೆ, ಯಾವ ಬಾವಿಯಲ್ಲಿ ಯಾರು ನೀರು ಸೇದುವಂತಿರಲಿಲ್ಲ ಎಂಬ ಪ್ರಶ್ನೆ ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ.

ಮೊದಲ ರಾಶಿಯ ಒಂದೊಂದು ಪದವನ್ನೂ ವಿಸ್ತಾರವಾಗಿ ಪರೀಕ್ಷಿಸಬೇಕು. ಹೇಗೆಂದು ತೋರಿಸಲು ‘ಕೆರೆ’ಯನ್ನು ತೆಗೆದುಕೊಳ್ಳುತ್ತೇನೆ. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂಬ ಲೆಕ್ಕವಿದೆ, ಆವರಣದ ಒಳಗೋ ಬೇಲಿಯ ಪಕ್ಕದಲ್ಲೋ ಕೆರೆಯಿರುವ ವಿಶ್ವವಿದ್ಯಾಲಯಗಳೂ ನಮ್ಮಲ್ಲಿವೆ. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಗೆ ಆ ಹೆಸರಿಟ್ಟವರು ಕುವೆಂಪು; ಅದಕ್ಕೆ ಅಂಟಿಕೊಂಡಿರುವ ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದದ್ದು. ಅಂದರೆ 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕಿಂತ ಕೆರೆಯೇ ಐವತ್ತಕ್ಕೂ ಹೆಚ್ಚು ವರ್ಷ ಹಿರಿಯದು. ಅಲ್ಲಿ ಬೆಳಿಗ್ಗೆ ಏರಿಯ ಮೇಲೆ ನಡೆಯುವವರ ಪೈಕಿ ಎಷ್ಟು ಜನರಿಗೆ ಇದು ಗೊತ್ತಿದೆ ಎಂಬ ಒಂದು ಪ್ರಶ್ನೆಯಿಂದಲೇ ವರ್ಷವನ್ನು ಆರಂಭಿಸಬಹುದಾಗಿತ್ತು.

ಈಗ ವಿಭಾಗಗಳ ಕಡೆಯಿಂದ ನೋಡಿ. ಇತಿಹಾಸ ಮತ್ತು ಶಾಸನಶಾಸ್ತ್ರದವರಿಗೆ ಕೆರೆಯ ಶಾಸನಗಳಿವೆ. ಅವುಗಳಲ್ಲಿ ಬರುವ ‘ಬಿತ್ತುವಟ್ಟ’, ‘ಕಟ್ಟುಕೊಡುಗೆ’ಗಳಂಥ ದತ್ತಿಗಳ ವಿವರಗಳಿಂದ, ಹೂಳೆತ್ತುವ ಮತ್ತು ಏರಿ ಭದ್ರಪಡಿಸುವ ಖರ್ಚನ್ನು ಹಿಂದಿನವರು ಹೇಗೆ ಹೊಂದಿಸುತ್ತಿದ್ದರೆಂಬುದು ತಿಳಿಯುತ್ತದೆ. ಅದನ್ನೇ ಅರ್ಥಶಾಸ್ತ್ರದವರು ಸಾರ್ವಜನಿಕ ಆಸ್ತಿಯ ನಿರ್ವಹಣೆಯ ಪ್ರಶ್ನೆಯಾಗಿ ಎತ್ತಿಕೊಳ್ಳಬಹುದು. ರಸಾಯನಶಾಸ್ತ್ರದವರು ಪ್ರತಿ ತಿಂಗಳೂ ನೀರಿನ ಮಾದರಿ ತೆಗೆಯಬಹುದು, ಪ್ರಾಣಿಶಾಸ್ತ್ರದವರು ಹೆಜ್ಜಾರ್ಲೆಗಳನ್ನು ಎಣಿಸಬಹುದು, ಸಸ್ಯಶಾಸ್ತ್ರದವರು ಅಂತರಗಂಗೆಯ ಹಬ್ಬುವಿಕೆಯನ್ನು ಅಳೆಯಬಹುದು. ಕಾನೂನಿನವರಿಗೆ 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮವೂ ಒತ್ತುವರಿಯ ಪ್ರಕರಣಗಳೂ ಇವೆ. ಕನ್ನಡ ಮತ್ತು ಜಾನಪದ ವಿಭಾಗಗಳಿಗೆ ‘ಕೆರೆಗೆ ಹಾರ’ ಇದೆ. ನೀರು ಬರಲೆಂದು ಮನೆಯ ಕಿರಿಸೊಸೆ ಭಾಗೀರಥಿಯನ್ನೇ ಬಲಿಕೊಡುವ ಆ ಕಥನಗೀತೆಯನ್ನು ತ್ಯಾಗವೆಂದು ಓದಬೇಕೋ ಕೊಲೆಯೆಂದು ಓದಬೇಕೋ ಎಂಬ ವಾದ ತರಗತಿಗಳಲ್ಲಿ ಇಂದಿಗೂ ತಣ್ಣಗಾಗಿಲ್ಲ. ಇನ್ನು ಬೇಲಿಯಾಚೆಯ ಹಳ್ಳಿಯಲ್ಲಿ ನೀರುಗಂಟಿಯ ಮನೆತನದವರು ಯಾರಾದರೂ ಇದ್ದರೆ, ತೂಬು ತೆಗೆಯುವ, ಗದ್ದೆಗೆ ಸರದಿಯಂತೆ ನೀರು ಹಾಯಿಸುವ ಕ್ರಮವನ್ನು ಪ್ರಾಧ್ಯಾಪಕರಿಗೆ ಹೇಳಿಕೊಡಬೇಕಾದವರು ಅವರೇ.

ಒಂದು ಪದದಿಂದ ಇಷ್ಟು ಹೊರಟರೆ ಅದು ಜರಡಿಯಲ್ಲಿ ನಿಲ್ಲುತ್ತದೆ. ಇದೇ ಪರೀಕ್ಷೆಗೆ ‘ನೀರು’ ಎಂಬುದನ್ನು ಒಡ್ಡಿದರೆ ಅದು ತುಸು ಜಾರುತ್ತದೆಂದು ನನಗನ್ನಿಸುತ್ತದೆ, ಏಕೆಂದರೆ ನೀರೆಂದರೆ ಎಲ್ಲವೂ ಆದೀತು. ಕಾವೇರಿ ವಿವಾದದಿಂದ ಶುದ್ಧ ಕುಡಿಯುವ ನೀರಿನ ಘಟಕದವರೆಗೆ ಹರಡಿಕೊಂಡು ಎಲ್ಲಿಯೂ ಆಳಕ್ಕಿಳಿಯದೆ ಹೋದೀತು. ಪೆನ್ಸಿಲ್ವೇನಿಯಾಕ್ಕೆ ಅದು ಒಗ್ಗಿರಬಹುದು, ಆದರೆ ನಮ್ಮ ಆವರಣಗಳಿಗೆ ಕೆರೆ, ಬಾವಿ, ಹಳ್ಳ ಎಂದು ಒಂದು ಹೆಜ್ಜೆ ಕೆಳಗಿಳಿದು ಹೆಸರಿಸುವುದೇ ಸರಿ. ಕೆರೆಯೇ ಇಲ್ಲದ ಆವರಣದವರು ಕೆರೆಯನ್ನು ಆರಿಸಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಂಥ ಕಡೆ ಕಲ್ಲು, ಹುಣಸೆ, ರಸ್ತೆ, ನೇಗಿಲು, ಸೀರೆ, ಉಪ್ಪು ಯಾವುದಾದರೂ ಆದೀತು.

ಜರಡಿಯಲ್ಲಿ ಇನ್ನೆರಡು ಕಣ್ಣುಗಳಿರಬೇಕು. ಮೊದಲನೆಯದು, ವಾದಕ್ಕೆ ಎಡೆ ಇದೆಯೇ ಎಂಬುದು. ಒಳ್ಳೆಯ ವಿಷಯದಲ್ಲಿ ಪ್ರಾಮಾಣಿಕವಾಗಿ ಭಿನ್ನಾಭಿಪ್ರಾಯ ಇಟ್ಟುಕೊಳ್ಳಬಹುದಾದ ಪ್ರಶ್ನೆ ಒಂದಾದರೂ ಇರಬೇಕು; ಕೆರೆಯ ಏರಿಗೆ ಕಲ್ಲುಹಾಸು, ದೀಪದ ಕಂಬ, ವಿಹಾರಪಥ ಮಾಡುವುದು ಕೆರೆಗೆ ಒಳ್ಳೆಯದೋ ಕೆಟ್ಟದ್ದೋ ಎಂಬಂಥದ್ದು. ಆದರೆ ಆ ವಾದ ಜನರ ಜಾತಿ, ಧರ್ಮ, ಪಕ್ಷಗಳ ಗೆರೆಯ ಮೇಲೆಯೇ ಸೀಳಿಕೊಳ್ಳುವುದು ಖಚಿತವೆಂದಾದರೆ ಆ ಪದವನ್ನು ಮುಂದಿನ ವರ್ಷಗಳಿಗೆ ಇಟ್ಟುಕೊಳ್ಳಿ. ಮೊದಲ ವರ್ಷದಲ್ಲೇ ಅಂಥ ಭಾರ ಹೊರಿಸಿದರೆ ಪದ್ಧತಿಯೇ ಮುರಿದುಬೀಳುತ್ತದೆ. ಎರಡನೆಯದು, ಎರಡೂ ಸೆಮಿಸ್ಟರುಗಳಲ್ಲಿ ವಿಷಯ ಬದಲಾಗುತ್ತ ಹೋಗುತ್ತದೆಯೇ ಎಂಬುದು. ಕೆರೆ ಮಳೆಗಾಲದಲ್ಲಿ ಕೋಡಿ ಬೀಳುತ್ತದೆ, ಚಳಿಗಾಲದಲ್ಲಿ ಹಕ್ಕಿಗಳನ್ನು ಕರೆಸುತ್ತದೆ, ಏಪ್ರಿಲ್ ಹೊತ್ತಿಗೆ ಅಂಚಿನಲ್ಲಿ ಬಿರುಕು ಬಿಡುತ್ತದೆ. ವರ್ಷವಿಡೀ ಒಂದೇ ಥರ ಕಾಣುವ ವಸ್ತುವಿನ ಮೇಲೆ ಆಸಕ್ತಿ ಉಳಿಸಿಕೊಳ್ಳುವುದು ಕಷ್ಟ.

ವಿಶ್ವಸಂಸ್ಥೆ ಘೋಷಿಸುವ ಅಂತಾರಾಷ್ಟ್ರೀಯ ವರ್ಷವನ್ನೇ ತಂದು ಹಾಕಿದರೆ ಸಾಲದೇ ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಅದೇನೂ ಕೆಟ್ಟ ಯೋಚನೆಯಲ್ಲ, ನೆಲಕ್ಕಿಳಿಸುವ ಶ್ರಮ ತೆಗೆದುಕೊಂಡರೆ. ಭಾರತದ ಪ್ರಸ್ತಾವದಿಂದಲೇ ಬಂದ 2023ರ ಸಿರಿಧಾನ್ಯಗಳ ವರ್ಷದಲ್ಲಿ ಹಲವೆಡೆ ನಡೆದದ್ದು ಆಹಾರಮೇಳ ಮತ್ತು ಸೆಲ್ಫಿ. ಹಾಸ್ಟೆಲ್ ಮೆಸ್ಸಿನ ತಟ್ಟೆಗೆ ಸಾಮೆಯೋ ನವಣೆಯೋ ವಾರಕ್ಕೊಮ್ಮೆಯಾದರೂ ಬಂದಿದ್ದರೆ, ಅದರ ದರ, ದಾಸ್ತಾನು, ಬೇಯಿಸುವ ಹೊತ್ತು, ಹುಡುಗರು ಅದನ್ನು ತಟ್ಟೆಯಲ್ಲೇ ಬಿಟ್ಟೆದ್ದರೇ ಎಂಬ ಲೆಕ್ಕ ಎಲ್ಲವೂ ಅಧ್ಯಯನವಾಗುತ್ತಿತ್ತು. 2025 ಸಹಕಾರ ಸಂಘಗಳ ವರ್ಷವಾಗಿತ್ತು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಥೆ ಇರುವಾಗ, ಧಾರವಾಡ ಗದಗ ಸೀಮೆಯ ಯಾವುದೇ ಆವರಣಕ್ಕೆ ಅದು ಮನೆಯ ಮಾತೇ ಆಗಿತ್ತು. 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಲಾಗಿದೆ. ಅದನ್ನು ‘ಕುರಿ’ ಎಂದೋ ‘ಕಾವಲು’ (ಮೇವಿಗೆಂದು ಕಾದಿಟ್ಟ ಹುಲ್ಲುಗಾವಲು) ಎಂದೋ ಇಳಿಸಿಕೊಂಡರೆ ಚಿತ್ರದುರ್ಗ, ಚಿಕ್ಕಮಗಳೂರು, ಹಾಸನಗಳ ಅಮೃತಮಹಲ್ ತಳಿಯ ದನಗಳ ಕಾವಲುಗಳು, ಕಂಬಳಿ ನೇಯ್ಗೆ, ದಖ್ಖನಿ ಕುರಿ, ಹೊಲದಲ್ಲಿ ಮಂದೆ ತರುಬುವ ಪದ್ಧತಿ ಎಲ್ಲವೂ ಒಳಗೆ ಬರುತ್ತವೆ. ಹಾಗೆಂದು ವಿಶ್ವಸಂಸ್ಥೆಯ ಪಟ್ಟಿಯಲ್ಲಿದೆ ಎಂಬುದಷ್ಟೇ ಆಯ್ಕೆಗೆ ಕಾರಣವಾಗಬಾರದು. ಅದೇ 2025ರಲ್ಲಿ ಹಿಮನದಿಗಳ ವರ್ಷವೂ ಇತ್ತು, ಕಲಬುರಗಿಯ ಬಿಸಿಲಿನಲ್ಲಿ ಅದನ್ನು ಆಚರಿಸಲು ಹೊರಟವರಿಗೆ ಪೋಸ್ಟರ್ ಬಿಟ್ಟು ಬೇರೆ ದಾರಿ ಕಾಣುತ್ತಿರಲಿಲ್ಲ.

ಮಹನೀಯರೊಬ್ಬರ ಹೆಸರನ್ನು ವರ್ಷದ ವಿಷಯವಾಗಿ ಇಡುವ ಸಲಹೆಯೂ ಬರುತ್ತದೆ, ವಿಶೇಷವಾಗಿ ಜನ್ಮಶತಮಾನೋತ್ಸವದ ಸಂದರ್ಭಗಳಲ್ಲಿ. ಅದಕ್ಕೆ ಜಯಂತಿಗಳಿವೆ, ಅಧ್ಯಯನ ಪೀಠಗಳಿವೆ. ವ್ಯಕ್ತಿಯ ಹೆಸರು ಬಂದ ಕೂಡಲೇ ಪ್ರಶ್ನೆಗಳು ನಿಂತು ಗೌರವ ಆರಂಭವಾಗುತ್ತದೆ, ಯಾರ ಹೆಸರು ಮೊದಲು ಎಂಬ ಸ್ಪರ್ಧೆಯೂ ಹುಟ್ಟಿಕೊಳ್ಳುತ್ತದೆ. ವಿನಯದಿಂದ ಬೇಡವೆನ್ನಿ.

ಆರನೆಯ ಹೆಜ್ಜೆ: ತೀರ್ಮಾನ

ಜರಡಿಯಲ್ಲಿ ಉಳಿದ ಮೂರು ಅಥವಾ ನಾಲ್ಕು ವಿಷಯಗಳಿಗೆ ಒಂದೊಂದು ಪುಟದ ಟಿಪ್ಪಣಿ ಸಿದ್ಧವಾಗಲಿ. ಅದರಲ್ಲಿ ವಿಷಯದ ಹೆಸರು, ಅದು ಎತ್ತುವ ಮೂರು ಪ್ರಶ್ನೆಗಳು, ಆವರಣದಲ್ಲಿ ಅದು ಎಲ್ಲಿ ಕಾಣುತ್ತದೆ ಎಂಬುದು, ತೊಡಗಬಹುದಾದ ವಿಭಾಗಗಳು ಮತ್ತು ಅದರ ಮೇಲಿರುವ ಅತ್ಯಂತ ಗಟ್ಟಿಯಾದ ಆಕ್ಷೇಪಣೆ ಇರಬೇಕು. ಆಕ್ಷೇಪಣೆಯನ್ನು ಆ ವಿಷಯವನ್ನು ಬೆಂಬಲಿಸುವವರೇ ಬರೆಯಬೇಕೆಂಬ ನಿಯಮ ಮಾಡಿದರೆ ಚರ್ಚೆಯ ಮಟ್ಟ ತಾನೇ ಏರುತ್ತದೆ.

ಈ ಟಿಪ್ಪಣಿಗಳನ್ನು ಎರಡು ವಾರ ಎಲ್ಲರೂ ಓದುವಂತೆ ಗೋಡೆಗೆ ಹಚ್ಚಿ, ನಂತರ ಮತ ಕೇಳಿ. ಒಬ್ಬರಿಗೆ ಒಂದೇ ಮತ ಎಂದರೆ ಹೆಚ್ಚು ವಿದ್ಯಾರ್ಥಿಗಳಿರುವ ವಿಭಾಗದ ಇಷ್ಟವೇ ಗೆಲ್ಲುತ್ತದೆ. ಅದರ ಬದಲು, ‘ಈ ಪೈಕಿ ಯಾವ ಯಾವ ವಿಷಯಗಳಿಗಾಗಿ ನೀವು ವರ್ಷದಲ್ಲಿ ಎರಡು ಸಂಜೆಗಳನ್ನು ಕೊಡಲು ಸಿದ್ಧರಿದ್ದೀರಿ?’ ಎಂದು ಕೇಳಿ, ಒಪ್ಪಿಗೆಯಾದ ಎಲ್ಲದಕ್ಕೂ ಗುರುತು ಹಾಕಲು ಬಿಡಬೇಕು. ‘ಇಷ್ಟವೇ?’ ಎಂಬ ಪ್ರಶ್ನೆಗಿಂತ ‘ಬರುತ್ತೀರಾ?’ ಎಂಬ ಪ್ರಶ್ನೆಗೆ ಜನ ಹೆಚ್ಚು ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ. ಮತಗಳ ಎಣಿಕೆಯನ್ನು ಸಮಿತಿ ಮಾರ್ಗಸೂಚಿಯಾಗಿ ಇಟ್ಟುಕೊಳ್ಳಲಿ, ಆದರೆ ಹೆಚ್ಚು ಮತ ಪಡೆದದ್ದನ್ನು ಬಿಟ್ಟು ಬೇರೆಯದನ್ನು ಆರಿಸಿದರೆ ಕಾರಣವನ್ನು ನಡಾವಳಿಯಲ್ಲಿ ಬರೆದು ಪ್ರಕಟಿಸಲೇಬೇಕು. ಬಿಟ್ಟುಹೋದ ವಿಷಯಗಳ ಟಿಪ್ಪಣಿಗಳನ್ನು ಎಸೆಯಬೇಡಿ.

ಹೆಸರನ್ನು ಅಂತಿಮಗೊಳಿಸುವಾಗ ಅದನ್ನು ಘೋಷಣೆಯಾಗಿ ಉಬ್ಬಿಸುವ ಚಪಲ ಎಲ್ಲರಿಗೂ ಬರುತ್ತದೆ. ‘ಕೆರೆ: ನಮ್ಮ ಪರಂಪರೆ, ನಮ್ಮ ಹೊಣೆ, ನಮ್ಮ ನಾಳೆ’ ಎಂದು ಬರೆದ ಕೂಡಲೇ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟಂತಾಗುತ್ತದೆ. ‘ಕೆರೆಯ ವರ್ಷ’ ಎಂದರೆ ಸಾಕು. ಕನ್ನಡದಲ್ಲಿ ಮೊದಲು ಇಟ್ಟು, ಬೇಕಾದರೆ ಇಂಗ್ಲಿಷಿಗೆ ತನ್ನಿ. ಮೊದಲು ಇಂಗ್ಲಿಷಿನಲ್ಲಿ ಹೊಳೆದದ್ದನ್ನು ಕನ್ನಡಕ್ಕೆ ತಂದರೆ ಅದು ಬಹುತೇಕ ಸಂಸ್ಕೃತದ ಉದ್ದನೆಯ ಸಮಾಸವಾಗಿ ಬರುತ್ತದೆ, ಮೆಸ್ಸಿನಲ್ಲಿ ಯಾರೂ ಅದನ್ನು ಉಚ್ಚರಿಸುವುದಿಲ್ಲ.

ಏಳನೆಯ ಹೆಜ್ಜೆ: ಮಂಜೂರಾತಿ ಮತ್ತು ಹಣ

ಕುಲಪತಿಯವರ ಒಪ್ಪಿಗೆಯೊಂದಿಗೆ ವಿದ್ಯಾವಿಷಯಕ ಪರಿಷತ್ತಿನ ಗಮನಕ್ಕೂ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಗಮನಕ್ಕೂ ತಂದರೆ ಕುಲಪತಿಯವರು ಬದಲಾದಾಗಲೂ ಕಡತ ಉಳಿಯುತ್ತದೆ. ಪಠ್ಯಕ್ರಮ ಬದಲಿಸುವ ಗೋಜಿಗೆ ಹೋಗಬೇಡಿ. ಅಧ್ಯಯನ ಮಂಡಳಿಗಳ ದಾರಿ ದೀರ್ಘವಾದದ್ದು, ಅಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಈಗಾಗಲೇ ಇರುವ ಕೆಲಸಗಳಿಗೆ ವಿಷಯವನ್ನು ಹೊಂದಿಸುವುದೇ ಸುಲಭ ಮತ್ತು ಅಗ್ಗದ ದಾರಿ. ಸೇವಾ ಯೋಜನೆಯ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು, ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳಬೇಕು. ಆ ಗಂಟೆಗಳು ಹೇಗೂ ಇವೆ. ಸ್ನಾತಕೋತ್ತರ ಪ್ರಬಂಧಗಳು, ಆಂತರಿಕ ಮೌಲ್ಯಮಾಪನದ ನಿಯೋಜಿತ ಬರಹಗಳು, ಪ್ರಸಾರಾಂಗದ ಉಪನ್ಯಾಸಗಳು, ಗ್ರಂಥಾಲಯದ ಪುಸ್ತಕ ಖರೀದಿ, ಯುವಜನೋತ್ಸವದ ನಾಟಕ ಇವೆಲ್ಲಕ್ಕೂ ಲೆಕ್ಕಶೀರ್ಷಿಕೆಗಳಿವೆ. ಹೊಸದಾಗಿ ಕೇಳಬೇಕಾದ ಹಣ ಚಿಕ್ಕದಿದ್ದಷ್ಟೂ ವಿಷಯಕ್ಕೆ ಆಯುಸ್ಸು ಹೆಚ್ಚು. ಯಾವ ವಿಭಾಗಕ್ಕೂ ‘ಕಡ್ಡಾಯವಾಗಿ ಭಾಗವಹಿಸತಕ್ಕದ್ದು’ ಎಂದು ಬರೆಯಬೇಡಿ. ಆ ವಾಕ್ಯಕ್ಕೆ ಉತ್ತರವಾಗಿ ಬರುವುದು ಅನುಪಾಲನಾ ವರದಿ ಮತ್ತು ಎರಡು ಭಾವಚಿತ್ರ.

ಎಂಟನೆಯ ಹೆಜ್ಜೆ: ವರ್ಷದ ಅಸ್ಥಿಪಂಜರ

ಕಾರ್ಯಕ್ರಮಗಳ ಪಟ್ಟಿ ಈ ಬರಹದ ವ್ಯಾಪ್ತಿಗೆ ಸೇರಿದ್ದಲ್ಲ. ಆದರೂ ವಿಷಯವನ್ನು ಒಪ್ಪಿಸುವಾಗ ಸಮಿತಿ ನಾಲ್ಕು ಕಂಬಗಳನ್ನಾದರೂ ನೆಟ್ಟು ಕೊಡುವುದು ಉಚಿತ: ಎಲ್ಲರೂ ಸೇರಿ ನೋಡುವ ಒಂದು ಜಾಗ, ಎಲ್ಲರೂ ಓದುವ ಇಪ್ಪತ್ತು ಪುಟಗಳ ಒಂದು ಕೈಪಿಡಿ, ಎಲ್ಲರೂ ಸೇರಿ ಕೂಡಿಹಾಕುವ ಒಂದು ಸಂಗ್ರಹ, ಸೆಮಿಸ್ಟರಿಗೊಂದು ಬಹಿರಂಗ ವಾದ. ಕೆರೆಯ ವರ್ಷದಲ್ಲಾದರೆ ಏರಿಯ ಮೇಲೆ ನೀರುಗಂಟಿ ಮತ್ತು ಭೂವಿಜ್ಞಾನಿ ಇಬ್ಬರೂ ಮಾತನಾಡುವ ಒಂದು ನಡಿಗೆ, ಶಾಸನ, ನಕ್ಷೆ, ಹಾಡುಗಳ ಕೈಪಿಡಿ, ಹಳೆಯ ವಿದ್ಯಾರ್ಥಿಗಳ ಬಳಿಯಿರುವ ಕೆರೆಯ ಫೋಟೋಗಳ ಸಂಗ್ರಹ, ಮತ್ತು ವಿಹಾರಪಥದ ಮೇಲಿನ ವಾದ. ಉದ್ಘಾಟನೆಯನ್ನು ಸಭಾಂಗಣದಲ್ಲಿ ಮಾಡುವ ಬದಲು ಆ ನಡಿಗೆಯನ್ನೇ ಉದ್ಘಾಟನೆ ಎಂದುಕೊಂಡರೆ ಹಾರ ತುರಾಯಿಗಳ ಖರ್ಚೂ ಉಳಿಯುತ್ತದೆ, ನೀರುಗಂಟಿ ವೇದಿಕೆಯ ಕೆಳಗೆ ಕೂರಬೇಕಾದ ಪ್ರಸಂಗವೂ ಬರುವುದಿಲ್ಲ.

ಒಂಬತ್ತನೆಯ ಹೆಜ್ಜೆ: ನಡುವರ್ಷದ ನೋಟ, ಹಸ್ತಾಂತರ

ಮೊದಲ ಸೆಮಿಸ್ಟರು ಮುಗಿಯುವಾಗ ಸಮಿತಿ ಒಮ್ಮೆ ಮಾತ್ರ ಸೇರಿ, ಆರಂಭದಲ್ಲಿ ಮಾಡಿದ ಜನರ ಪಟ್ಟಿಯನ್ನು ಮತ್ತೆ ತೆಗೆಯಬೇಕು. ಆ ಪಟ್ಟಿಯ ಯಾವ ಗುಂಪಿನಿಂದ ಇದುವರೆಗೆ ಒಬ್ಬರೂ ಬಾಯಿ ತೆರೆದಿಲ್ಲವೋ ಅವರ ಬಳಿಗೆ ಎರಡನೆಯ ಸೆಮಿಸ್ಟರಿನಲ್ಲಿ ಹೋಗಬೇಕು. ಎಷ್ಟು ಕಾರ್ಯಕ್ರಮಗಳಾದವು, ಎಷ್ಟು ಜನ ಹಾಜರಿದ್ದರು ಎಂಬ ಅಂಕಿ ಆಂತರಿಕ ಗುಣಮಟ್ಟ ಭರವಸೆ ಕೋಶಕ್ಕೂ ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ವರದಿಗೂ ಬೇಕಾಗುತ್ತದೆ, ಅದನ್ನು ಕೊಡಿ. ಆದರೆ ಆಯ್ಕೆ ಸರಿಯಿತ್ತೇ ಎಂದು ತಿಳಿಯಲು ಇನ್ನೊಂದು ಅಳತೆ ಇಟ್ಟುಕೊಳ್ಳಿ. ಸಮಿತಿ ಹೇಳದೆಯೇ, ಹಣ ಕೇಳದೆಯೇ, ಯಾರಾದರೂ ಆ ವಿಷಯದ ಮೇಲೆ ತಾವಾಗಿಯೇ ಏನಾದರೂ ಮಾಡಿದರೇ? ಒಬ್ಬ ಹುಡುಗಿ ತನ್ನೂರಿನ ಕೆರೆಯ ತೂಬಿನ ಚಿತ್ರ ಬರೆದು ತಂದರೂ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ವರ್ಷದ ಕೊನೆಗೆ ಮೂಲ ಚೀಟಿಗಳು, ಜರಡಿಯ ಪಟ್ಟಿ, ಆಕ್ಷೇಪಣೆಗಳ ಸಮೇತ ಬಿಟ್ಟುಹೋದ ವಿಷಯಗಳ ಟಿಪ್ಪಣಿಗಳು, ನಡಾವಳಿ, ಕೈಪಿಡಿಯ ಎರಡು ಪ್ರತಿ ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಗ್ರಂಥಾಲಯಕ್ಕೆ ಒಪ್ಪಿಸಿ ರಸೀದಿ ಪಡೆಯಬೇಕು. ಸಮಿತಿಯ ಮೂರನೆಯ ಒಂದು ಭಾಗದಷ್ಟು ಸದಸ್ಯರು ಮುಂದಿನ ವರ್ಷಕ್ಕೆ ಉಳಿಯಲಿ, ಉಳಿದವರು ಹೊಸಬರಾಗಿರಲಿ. ಹೊಸ ಸಮಿತಿಯ ಮೊದಲ ಸಭೆ ಆ ಪೆಟ್ಟಿಗೆಯನ್ನು ತೆರೆದು ಚೀಟಿಗಳನ್ನು ಓದುವುದರಿಂದ ಆರಂಭವಾಗಲಿ; ಏಡಿ ಹಿಡಿಯುತ್ತಿದ್ದ ಹಳ್ಳ ಅದರಲ್ಲಿ ಇನ್ನೂ ತನ್ನ ಸರದಿಗಾಗಿ ಕಾಯುತ್ತಿರಬಹುದು.